ನಾಲ್ಕನೆಯ ತುಂಡು

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಲ್ಯಾಬಿನ ಕೋಲ್ಡ್ ರೂಮಿನಲ್ಲಿ. ಎರಡು ಸ್ವೆಟರ್ ಹಾಕಿದರೂ ಬೆರಳು ಸೆಟೆದುಕೊಂಡಿವೆ. ಹೂಳಿನ ಐದನೆಯ ತುಂಡು ಮುಗಿಯಿತು — ಪೂರ್ತಿ ಬೂದು ಜೇಡಿ. ಹಿಮನದಿ ಬಂಡೆ ಅರೆದು ಕಳಿಸಿದ ಹಿಟ್ಟು. ಜೇಡಿ ಇದ್ದರೆ ಆಗ ಹಿಮ ಇತ್ತು, ಪಾಚಿ ಇದ್ದರೆ ಇರಲಿಲ್ಲ. ಇಷ್ಟೇ ನಮ್ಮ ವಿದ್ಯೆ.

ಧ್ರುವದ ಆ ಸರೋವರದ ತಳಕ್ಕೆ ಕೊಳವೆ ಇಳಿಸಿ ಇವರು ತೆಗೆದ ಹೂಳು. ಟೆಂಟಿನಲ್ಲೇ ಮೀಟರ್ ಉದ್ದಕ್ಕೆ ಕತ್ತರಿಸಿ, ಮೇಲಿನಿಂದ ಸಂಖ್ಯೆ ಕೊಟ್ಟು, ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ಕಪ್ಪು. ಆಮೇಲೆ ಉದ್ದಕ್ಕೆ ಸೀಳಿ, ಒಂದು ಹೋಳು ಪರೀಕ್ಷಿಸಿ ಹೆಸರು ಮಾಡಿದರು. ಕರಗಿ ಹೋದ ಹಿಮ ಮರಳಿ ಬಂದು, ದಿಢೀರನೆ ಮತ್ತೆ ಮಾಯವಾಗಿತ್ತು ಎಂದು. ಇನ್ನೊಂದು ಹೋಳು ಯಾರೂ ಮುಟ್ಟಿರಲಿಲ್ಲ. ಈಗ ಇವರ ಶ್ವಾಸಕೋಶ ಕೈಕೊಟ್ಟಿದೆ, ಮಂಚದ ಪಕ್ಕ ಆಕ್ಸಿಜನ್. "ಅದನ್ನೂ ಒಂದ್ಸಲ ನೋಡ್ಬಿಡು, ಹೊಸ ಫೋಟೋ ಹಾಕಿ ಕೊನೇ ಪೇಪರ್ ಕಳಿಸೋಣ" ಅಂದಿದ್ದಾರೆ. ಆ ಆಸೆಯಲ್ಲೇ ಜೀವ ಹಿಡಿದುಕೊಂಡಿದ್ದಾರೆ.

ಇಷ್ಟು ಓದಿದ ಸೊಸೆ ಕೆಸರು ತೊಳೆಯುವುದು ಅತ್ತೆಗೆ ಇನ್ನೂ ಜೀರ್ಣವಾಗಿಲ್ಲ.

ಮಾರ್ಚ್ 4

ನಾಲ್ಕನೆಯ ತುಂಡು. ಕೆಂಪು ಮುಚ್ಚಳದ ಕಡೆ ಜೇಡಿ, ಕಪ್ಪಿನ ಕಡೆ ಪಾಚಿ. ಇವರ ಹೆಸರೆಲ್ಲ ನಿಂತಿರುವುದು ಇದರ ಮೇಲೆ. ಮೇಲ್ಮೈ ಕೆರೆದು ಲೆನ್ಸ್ ಹಿಡಿದೆ. ಇನ್ನೊಮ್ಮೆ ಹಿಡಿದೆ.

ನೀರು ತಂದದ್ದರಲ್ಲಿ ಮರಳು ಮೊದಲು ತಳ ಸೇರುತ್ತದೆ. ನುಣುಪು ಮಣ್ಣು ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಪ್ರತಿ ಪದರವೂ ಹೀಗೇ ಇರಬೇಕು. ಇಲ್ಲಿ ಉಲ್ಟಾ... ಒಂದೆರಡಲ್ಲ, ಎಲ್ಲವೂ.

ಜರಡಿಯನ್ನು ಕರೆದೆ. ದಿನವಿಡೀ ಹೂಳು ಸೋಸುವ ಜೊತೆಗಾತಿ. ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುವುದಿಲ್ಲ. ತುಂಬಾ ಹೊತ್ತು ನೋಡಿದಳು.

"ಮುಚ್ಚಳ ಅದಲು ಬದಲಾಗಿದೆ ಕಣೇ."

"ಬೇರೆ ಏನಾದ್ರೂ ಇರಬಹುದು" ಅಂದೆ.

"ಏನಿರತ್ತೆ, ಹೇಳು."

ಮತ್ತೊಂದು ಕಡೆ ಕೆರೆದೆ. ಅಲ್ಲೂ ಉಲ್ಟಾ.

ಮಾರ್ಚ್ 6

ತುಂಡನ್ನು ತಿರುಗಿಸಿ ಜೋಡಿಸಿದೆ. ಕೆಳಗೆ ಐದರ ಜೇಡಿಗೆ ಜೇಡಿ ಸೇರಿತು, ಮೇಲೆ ಮೂರರ ಪಾಚಿಗೆ ಪಾಚಿ. ಹಿಮ ಒಂದೇ ಸಲ ಹೋಗಿದೆ. ಮರಳಿ ಬಂದೇ ಇಲ್ಲ. ದಿಢೀರ್ ಬದಲಾವಣೆ ಅಂತ ಇಷ್ಟು ವರ್ಷ ಎಲ್ಲರೂ ಬೆರಗಾದದ್ದು ಗರಗಸ ಕತ್ತರಿಸಿದ ಜಾಗಕ್ಕೆ.

ಮನೆಗೆ ಬರುತ್ತಲೇ ಮಂಚದಿಂದ ಇವರು, "ಹೇಗಿದೆ ನಾಲ್ಕು?"

"ಇನ್ನೂ ಕೆರೀತಾ ಇದೀನಿ."

"ತಡ ಮಾಡ್ಬೇಡ ಕಣೇ."

ಹೊಟ್ಟೆಗೆ ಹಾಕ್ಕೊಂಡು ಸುಮ್ಮನಿರು, ಆಮೇಲೆ ಸರಿ ಮಾಡೋಣ ಅನ್ನುತ್ತಾಳೆ ಜರಡಿ. ಆಮೇಲೆ ಅಂದರೆ ಯಾವಾಗ ಎಂದು ಇಬ್ಬರಿಗೂ ಗೊತ್ತು.

ಮಾರ್ಚ್ 14

ಫೋಟೋ ಕೇಳಿದರು. ತಪ್ಪಿಸಿ ತಪ್ಪಿಸಿ ಸಾಕಾಗಿತ್ತು, ಕೊಟ್ಟೆ. ಚೆನ್ನಾಗಿದೆ ಅಂದುಬಿಡೋಣ ಎಂದು ಬಾಯಲ್ಲಿ ಸುಳ್ಳು ತಯಾರಿತ್ತು. ಇವರು ನೋಡಿದರು. ಫೋಟೋ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಉಲ್ಟಾ ಹಿಡ್ಕೊಂಡಿದೀನಾ?"

"ಇಲ್ಲ ರೀ... ಮುಚ್ಚಳ ಹಾಕಿರೋದೇ ಉಲ್ಟಾ."

ಫೋಟೋ ಎದೆಗೊತ್ತಿಕೊಂಡು ಗೋಡೆಯ ಕಡೆ ಹೊರಳಿದರು. ಚಹಾ ಆರಿಹೋಯಿತು.

ಮಾರ್ಚ್ 19

ಊಟ ಬಿಟ್ಟಿದ್ದಾರೆ. ಮಾತೂ ಇಲ್ಲ.

"ಏನಂದೆ ಅವನಿಗೆ?" ಎಂದು ಅತ್ತೆ.

"ಕೆಲಸದ ವಿಷಯ ಅತ್ತೆ."

"ಕೆಸರಿನ ವಿಷಯಕ್ಕೆ ಹೀಗೆ ಮಲಗ್ತಾನಾ?"

ಕೊಡದೇ ಇರಬಹುದಿತ್ತು. ಕ್ಯಾಮೆರಾ ಕೆಟ್ಟಿದೆ ಅನ್ನಬಹುದಿತ್ತು. ಯಾವ ಹಿಮಕ್ಕೆ ಏನು ನಷ್ಟವಾಗುತ್ತಿತ್ತು? ಇವರನ್ನು ನಾನೇ ಕೊಲ್ಲುತ್ತಿದ್ದೇನೆ. ಬೇರೆ ಏನೂ ತೋಚುತ್ತಿಲ್ಲ.

ಮಾರ್ಚ್ 23, ಭಾನುವಾರ, ಬೆಳಗ್ಗೆ

"ಬರ್ಕೋ" ಅಂದರು. ಇಷ್ಟು ದಿನಕ್ಕೆ ಮೊದಲ ಮಾತು. ಕೈಗೆ ಸಿಕ್ಕಿದ್ದು ಈ ಡೈರಿ. ಹೇಳಿದ ಹಾಗೇ ಬರೆಯುತ್ತಿದ್ದೇನೆ —

ನಾಲ್ಕನೆಯ ತುಂಡು ತಲೆಕೆಳಗಾಗಿತ್ತು. ಮುಚ್ಚಳ ಹಾಕಿದವನು ನಾನೇ. ಈ ಸರೋವರದ ಹೂಳಿನಲ್ಲಿ ಹಿಮ ಮರಳಿದ್ದಕ್ಕೆ ಸಾಕ್ಷಿ ಇಲ್ಲ. ಹೋದದ್ದು ಹೋಯಿತು.

"ಹೋದದ್ದು ಹೋಯ್ತು ಅಂತ ಪೇಪರಲ್ಲಿ ಬರೀತಾರಾ?" ಅಂದೆ. ನಕ್ಕ ಹಾಗೆ ಮಾಡಿದರು. "ಆ ಸಾಲು ಹೊಡೆದು ಹಾಕು." ಹೊಡೆದು ಹಾಕಲು ಕೈ ಬರಲಿಲ್ಲ.

ಇದರಿಂದ ತಿಳಿಯುವುದೇನೆಂದರೆ —

ಉಸಿರಿಗೆ ನಿಂತರು. ಕಾಯುತ್ತಿದ್ದೇನೆ. ಕಣ್ಣು ತೆರೆದೇ ಇದೆ. ಅತ್ತೆ ಇವರ ಮೂಗಿನ ಹತ್ತಿರ ಕೈ ಹಿಡಿದು ನನ್ನ ಕಡೆ