ಆ ಹಾಡು ನಿನ್ನಪ್ಪನದಲ್ಲ

ಚಿಲಾವ್, ಶ್ರೀಲಂಕಾ
6 ಮಾರ್ಚ್ 2016

ಪ್ರೀತಿಯ ರೊಮೇಶಿ,

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಾನು ಚೆನ್ನಾಗಿಲ್ಲ, ನಿನ್ನ ಮೇಲೆ ಸಿಟ್ಟಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಒಂದು ಮಾತನ್ನೂ ಮುಗಿಸಗೊಡುವುದಿಲ್ಲ. ನಿನ್ನೆಯೂ ಅದೇ, "ಅಯ್ಯೋ ಅಮ್ಮಾ, ಅದು ಬರೀ ಒಂದು ಹಾಡು!" ಅದಕ್ಕೇ ಈ ಕಾಗದ. ಇದು ಇಟಲಿಗೆ, ನಿನ್ನ ಮಿಲಾನೊಗೆ ತಲುಪುವ ಹೊತ್ತಿಗೆ ನನ್ನ ಸಿಟ್ಟು ಇಳಿದಿರಬಹುದು, ಹೇಳಬೇಕಾದ್ದು ಮಾತ್ರ ಹಾಗೇ ಇರುತ್ತದೆ.

ಮದುವೆಯ ದಿನ ನೀನು ನಿನ್ನಪ್ಪನ ಜೊತೆ ಕುಣಿಯುವುದಕ್ಕೆ ನನ್ನ ಅಡ್ಡಿಯಿಲ್ಲ. ನಿನ್ನ ಕೈಹಿಡಿದು ಚರ್ಚಿನೊಳಗೆ ಕರೆತರಲಿ, ಅದಕ್ಕೂ ಇಲ್ಲ. ಆದರೆ 'ಹಳದಿ ಕೊಡೆಯ ಹುಡುಗಿ' ಹಾಡಿಗೆ ಕುಣಿಯುವುದು ಬೇಡ. ಅದು ನಿಮ್ಮಪ್ಪ ಅಮ್ಮನ ಪ್ರೀತಿಯ ಹಾಡು ಅಂತ ಗ್ಲ್ಯಾಡಿಸ್ ಅತ್ತೆ ಹೇಳಿದಳಂತೆ. ಅಣ್ಣನ ಮಾನ ಕಾಯುವುದೇ ಅವಳಿಗೆ ಉದ್ಯೋಗ. ನೀನಾದರೂ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಪಾತ್ರೆ ತೊಳೆಯುವಾಗ, ಮೀನು ಹೆಚ್ಚುವಾಗ ನಾನು ಅದನ್ನೇ ಗುನುಗುವುದನ್ನು ಕೇಳುತ್ತಲೇ ಬೆಳೆದವಳು ನೀನು. ಯಾಕಮ್ಮಾ ಅದೇ ಹಾಡು ಅಂತ ಒಂದು ದಿನವೂ ಕೇಳಲಿಲ್ಲ.

ನಿನ್ನಪ್ಪನ ಮನೆಯಲ್ಲಿ ನಾನು ಹಾಡುತ್ತಿರಲಿಲ್ಲ. ಹೊಸದರಲ್ಲಿ ರೇಡಿಯೋ ಜೊತೆ ದನಿ ಸೇರಿಸಿದರೆ, "ಹಾಡೋಳು ರೇಡಿಯೋದಲ್ಲಿದ್ದಾಳೆ, ನೀನು ಅನ್ನ ನೋಡು" ಅನ್ನುತ್ತಿದ್ದರು. ಬಂದವರ ಮುಂದೆ ಅದನ್ನೇ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ಆ ನಗುವೂ ನಿಂತಿತು. ಉಳಿದದ್ದನ್ನು ಬರೆಯುವುದಿಲ್ಲ, ಮದುವೆಯಾಗಲಿರುವ ಮಗಳಿಗೆ ಬರೆಯುವಂಥದ್ದಲ್ಲ. ನಾವಿಬ್ಬರೂ ಆ ಮನೆ ಬಿಟ್ಟು ಬಸ್ಸು ಹತ್ತಿದ ದಿನ ನಿನ್ನನ್ನು ಬಲಗೈಯೊಂದರಲ್ಲೇ ಎತ್ತಿಕೊಂಡಿದ್ದೆ, ಎಡಗೈ ಮೇಲೇಳುತ್ತಿರಲಿಲ್ಲ ಅಂದರೆ ಸಾಕು.

ಆಗ ನಿನಗೆ ನಾಲ್ಕು ವರ್ಷ. ನೆಗೊಂಬೊದಿಂದ ಹೊರಟ ಖಾಸಗಿ ಬಸ್ಸು, ತೆರೆಯಲಾಗದ ಕಿಟಕಿ, ಜೋರಾಗಿ ಕ್ಯಾಸೆಟ್ಟು. ಮಾರವಿಲದ ಹತ್ತಿರ ನೀನು ನನ್ನ ಹೊಸ ಸ್ಕರ್ಟಿನ ಮೇಲೆ ವಾಂತಿ ಮಾಡಿದೆ. ಅದೇ ಹೊತ್ತಿಗೆ ಆ ಹಾಡು ಶುರುವಾಯಿತು. ಬಿಸಿಲಲ್ಲಿ ನಿಂತ ಹುಡುಗ, ಕೊಡೆಯಲ್ಲಿ ಅರ್ಧ ನೆರಳು ಕೊಡು ಅಂತ ಹುಡುಗಿಯನ್ನು ಗೋಗರೆಯುವ ಪೆದ್ದು ಹಾಡು. ಕಂಡಕ್ಟರ್ ಹಳೇ ಪೇಪರು ತಂದುಕೊಟ್ಟು, "ಡ್ರೈವರಣ್ಣಾ, ನಿನ್ ಹಾಡು ಕೇಳಿ ಮಗು ಕಕ್ಕೊಂಡ್ತು ನೋಡು!" ಅಂದ.

"ಹಂಗಾದ್ರೆ ನೀನೇ ಹಾಡೋ, ಎಲ್ಲಾರೂ ಕಕ್ಲಿ" ಅಂದ ಡ್ರೈವರ್.

ಕಂಡಕ್ಟರ್ ಹಾಡಿಯೇ ಬಿಟ್ಟ. ಹಿಂದಿನ ಸೀಟಿನಲ್ಲಿದ್ದ ಮೀನು ಮಾರುವ ಹೆಂಗಸರು ಚಪ್ಪಾಳೆ ತಟ್ಟಿದರು. ನಿನ್ನ ಬಾಯಿ ಒರೆಸುತ್ತಾ ನಾನು ನಕ್ಕೆ. ನಗುತ್ತಾ ನಗುತ್ತಾ ಹಾಡಿದೆ. ಜೋರಾಗಿ ಹಾಡಿದೆ ರೊಮೇಶಿ, ಯಾರೂ ಬಾಯಿ ಮುಚ್ಚು ಅನ್ನಲಿಲ್ಲ. ನೀನು ನನ್ನ ಗಲ್ಲ ಹಿಡಿದು, "ಅಮ್ಮಾ, ಇನ್ನೊಂದ್ಸಲ" ಅಂದೆ. ನಿನಗೆ ನೆನಪಿಲ್ಲ, ಗೊತ್ತು.

ಆ ಹಾಡು ಬಂದರೆ ಈಗಲೂ ಮೂಗಿಗೆ ವಾಂತಿಯ ವಾಸನೆ ಬಡಿಯುತ್ತದೆ, ಮೈ ಹಗುರಾಗುತ್ತದೆ. ಅಂಥ ಹಾಡಿಗೆ ಆ ಮನುಷ್ಯ ಹೆಜ್ಜೆ ಹಾಕುವುದನ್ನು, ಮಂದಿಯೆಲ್ಲ ಕಣ್ಣೊರೆಸಿಕೊಳ್ಳುವುದನ್ನು, ಗ್ಲ್ಯಾಡಿಸ್ ನನ್ನತ್ತ ನೋಡಿ ತಲೆಯಾಡಿಸುವುದನ್ನು ನಾನು ಕೂತು ನೋಡಲಾರೆ. ಮನೆ ಬಿಟ್ಟುಕೊಟ್ಟೆ, ನನ್ನ ಹೊಲಿಗೆ ಯಂತ್ರ ಬಿಟ್ಟುಕೊಟ್ಟೆ, ಒಳ್ಳೆಯ ಹೆಂಗಸೆಂಬ ಹೆಸರೂ ಹೋಯಿತು. ಇದೊಂದನ್ನು ಕೊಡುವುದಿಲ್ಲ. ಬ್ಯಾಂಡಿನವರಿಗೆ ನಾನೇ ಫೋನ್ ಮಾಡಿ ಬೇರೆ ಹಾಡು ಹೇಳಿದ್ದೇನೆ. ಬೈಯುವುದಾದರೆ ಬೈ.

ಮದುವೆ ದಿರಿಸಿನ ಕೈಗವಸಿಗೆ ಅಳತೆ ಕಳಿಸು ಅಂತ ಹೇಳಿ ಹೇಳಿ ಸಾಕಾಯಿತು. ಅದನ್ನಾದರೂ ಕಳಿಸು.

ಸಿಟ್ಟಿದ್ದರೂ ನಿನ್ನವಳೇ ಆದ
ಅಮ್ಮ,
ಡುಲ್ಸಿ

ಮತ್ತೆ ಬರೆದದ್ದು: ಗಟ್ಟಿ ಮನಸ್ಸು ಮಾಡಿ ಅವರನ್ನು ಬಿಟ್ಟು ಬಂದೆ ಅಂತ ನಿನಗೆ ಯಾವಾಗಲೂ ಹೇಳಿದ್ದೇನೆ. ಹಾಗಲ್ಲ ಮಗಳೇ. ಆ ದಿನ ನಾನು ಹೊರಟಿದ್ದು ಚರ್ಚಿನಲ್ಲಿ ನಮ್ಮಕ್ಕನ ಮಗುವಿಗೆ ಹೆಸರಿಡುವ ಜ್ಞಾನಸ್ನಾನಕ್ಕೆ. ಸೋಮವಾರ ಬೆಳಿಗ್ಗೆ ಬಂದುಬಿಡುತ್ತೇನೆ ಅಂತ ನಿನ್ನಪ್ಪನಿಗೆ ಹೇಳಿ, ಅಲ್ಲಿಯವರೆಗೆ ಸಾಲುವಷ್ಟು ಮೀನಿನ ಹುಳಿ ಮಾಡಿಟ್ಟು ಬಸ್ಸು ಹತ್ತಿದ್ದೆ.