ಪಕ್ಕದ ಸೀಟಿನ ಕಾಲುಗಳು

ಅಪ್ಪಾ,

ನಿಮ್ಮ ಪಾದಕ್ಕೆ ನಮಸ್ಕಾರ ಅಂತ ಕಾಗದ ಶುರು ಮಾಡುವುದು ನನ್ನ ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಮರೆತದ್ದಲ್ಲ, ಬರೆಯೋಕೆ ಕೈ ಏಳಲಿಲ್ಲ.

ಮೊದಲು ನೀವು ಕೇಳಿದ ವಿಷಯ. ನಿಮ್ಮ ಮೊಮ್ಮಗಳು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿಗೆ, ಕಾಲಲ್ಲಿ ಒತ್ತಿ ವಿಮಾನದ ಮೂಗು ತಿರುಗಿಸುವ ಆ ರಡ್ಡರ್ ಪೆಡಲ್ ತಂದಾಯಿತು. ನೀವು ಹೇಳಿದ ಜೋಡಿ ಪೆಡಲ್ ಅಲ್ಲ, ಒಬ್ಬರೇ ಕೂತು ತುಳಿಯುವ ಒಂಟಿ ಸೆಟ್ಟು. "ಜೋಡೀದೇ ತಗೋ, ನಾನೇ ಕೊಡಿಸ್ತೀನಿ. ಭಾನುವಾರ ಭಾನುವಾರ ಬಂದು ಪಕ್ಕದಲ್ಲಿ ಕೂತು ಕಲಿಸ್ತೀನಿ" ಅಂತ ಫೋನಿನಲ್ಲಿ ಎಷ್ಟು ಹುರುಪಿನಿಂದ ಹೇಳಿದ್ದಿರಿ! ಅವಳೂ ಮನೆಯೆಲ್ಲಾ ಕುಣಿದಾಡಿದ್ದಳು. ಇಬ್ಬರ ಆಸೆಗೂ ತಣ್ಣೀರು ಎರಚಿದವಳು ನಾನೇ. ಯಾಕೆ ಅಂತ ಅವಳಿಗೆ ಹೇಳಿಲ್ಲ. ನಿಮಗೆ ಹೇಳಲೇಬೇಕು.

ಇಸ್ತ್ರಿ ಮಾಡುವ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇವೆ. ಮೇಜು, ಅದರ ಮೇಲೊಂದು ಹಳೆಯ ಪರದೆ, ಮುಂದೆ ಚಕ್ರದ ಕುರ್ಚಿ. ಗೆಳತಿಯ ಹತ್ತಿರ ಎರವಲು ತಂದ ಪೆಡಲ್ ಇಟ್ಟು ತುಳಿದರೆ, ವಿಮಾನ ಮುಂದೆ ಹೋಗುವ ಬದಲು ಇವಳ ಕುರ್ಚಿಯೇ ಹಿಂದೆ ಹಿಂದೆ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ನಿಮ್ಮ ಅಳಿಯ ತಮ್ಮ ಹಳೆಯ ಬೂಟುಗಳನ್ನು ಹುಡುಕಿ ತಂದು ಕುರ್ಚಿಯ ಚಕ್ರಗಳನ್ನು ಅವುಗಳೊಳಗೆ ಕೂರಿಸಿದರು. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ವಿಮಾನ ಹತ್ತಿದ್ದು ತಮ್ಮ ಬೂಟು ಅಂತ ಬಂದವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ. ಆ ಎರವಲು ಪೆಡಲ್ ಬರೀ ಪ್ಲಾಸ್ಟಿಕ್ಕು, ಜೋರಾಗಿ ಒತ್ತಿದರೆ ಟೈಲ್ಸ್ ಮೇಲೆ ಜಾರಿ ಗೋಡೆ ಸೇರುತ್ತಿತ್ತು. ಅದಕ್ಕೇ ನಾನು ಒಳ್ಳೆಯದನ್ನು ನೋಡೋಣ ಅಂತ ಅಂಗಡಿಗೆ ಹೋದದ್ದು.

ಅಂಗಡಿಯವನು ಒಂದೊಂದಾಗಿ ಇಳಿಸಿದ. ಒಂದರಲ್ಲಿ ಎರಡು ಪೆಡಲ್‌ಗಳೂ ಎಷ್ಟು ಹತ್ತಿರವೆಂದರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಇನ್ನೊಂದರ ಸ್ಪ್ರಿಂಗು ಬೀರು ತಳ್ಳಿದ ಹಾಗೆ ಗಟ್ಟಿ. ಮೂರನೆಯದು ಕಬ್ಬಿಣದ್ದು, ತೂಕವಾಗಿತ್ತು, ಕಾಲಿಗೆ ಹಿತವಾಗಿತ್ತು. ಹಿಮ್ಮಡಿ ಕೆಳಗಿಟ್ಟು ನಿಧಾನ ಒತ್ತಿದೆ. ಇಷ್ಟು ವರ್ಷವಾದ ಮೇಲೂ ಕಾಲಿಗೆ ಆ ಜಾಗ ನೆನಪಿತ್ತು. ಅದನ್ನೇ ತೆಗೆದುಕೊಳ್ಳಬಹುದಿತ್ತು, ಆದರೆ ನಿಮಗೆ ಮಾತು ಕೊಟ್ಟಿದ್ದೆನಲ್ಲ, ಜೋಡಿಯದನ್ನೂ ತೋರಿಸಪ್ಪಾ ಅಂದೆ.

ನನ್ನನ್ನು ಎಡಗಡೆ ಕೂರಿಸಿ ಅವನು ಬಲಗಡೆ ಕೂತ. ನಡುವೆ ಒಂದು ಸರಳು, ಎರಡು ಸೆಟ್ಟನ್ನೂ ಜೋಡಿಸಿತ್ತು. "ಕಲಿಸೋ ವಿಮಾನದಲ್ಲಿ ಹೀಗೇ ಇರುತ್ತಂತೆ ಮೇಡಂ, ಸುಮ್ನೆ ಕಾಲಿಟ್ಕೊಂಡಿರಿ" ಅಂದ. ಇಟ್ಟುಕೊಂಡೆ. ಅವನು ತನ್ನ ಬಲ ಪೆಡಲ್ ಒತ್ತಿದ. ನನ್ನ ಬಲಗಾಲಿನ ಕೆಳಗಿನ ಪೆಡಲ್ ತಾನಾಗಿಯೇ ಮುಂದಕ್ಕೆ ಹೋಯಿತು.

ಅಪ್ಪಾ, ನನ್ನ ಕಾಲಿಗೆ ಅದು ಗೊತ್ತಿತ್ತು. ತಲೆಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ವಿಮಾನ ಹಾರಿಸುವುದು ಕಲಿಯುತ್ತಾ ನಿಮ್ಮ ಪಕ್ಕ ಕೂತಿದ್ದ ಅಷ್ಟೂ ತಿಂಗಳು ಪೆಡಲ್ ಹೀಗೇ ನನ್ನ ಕಾಲಡಿ ಮೆತ್ತಗೆ ಸರಿಯುತ್ತಿತ್ತು. ಪ್ರತಿ ಸಲ ಏರುವಾಗ, ಪ್ರತಿ ಸಲ ಇಳಿಸುವಾಗ. ನಾನು ಒತ್ತುವುದಕ್ಕೆ ಒಂದು ಚೂರು ಮೊದಲು. ನನಗೋ, ಅದು ನನ್ನದೇ ಕೆಲಸ ಅಂತ ಜಂಬ. ಕ್ಲಬ್ಬಿನಲ್ಲಿ ನಿಮ್ಮನ್ನು 'ಸರ್' ಅನ್ನಬೇಕಿತ್ತು, ಅಪ್ಪಾ ಅಂದರೆ ಉರಿದುಬೀಳುತ್ತಿದ್ದಿರಿ. ಇಲ್ಲಿ ಮಗಳು ಗಿಗಳು ಅಂತ ಯಾರೂ ಇಲ್ಲ, ಎಲ್ಲರೂ ವಿದ್ಯಾರ್ಥಿಗಳೇ ಅನ್ನುತ್ತಿದ್ದಿರಿ. ನಾನು ನಂಬಿದೆ.

ನೀವು ಇಳಿದು ಬಾಗಿಲು ಹಾಕಿ, ಒಬ್ಬಳೇ ಹೋಗು ಎಂದು ಕಳಿಸಿದ ಆ ದಿನ ಏನಾಯಿತು ಅಂತ ಈಗ ನನಗೆ ಅರ್ಥವಾಗಿದೆ. ವೇಗ ಹೆಚ್ಚಿದ ಹಾಗೆ ವಿಮಾನದ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ ಹಿಡಿಯಬೇಕು. ಪುಸ್ತಕದಲ್ಲಿ ಓದಿದ್ದೆ, ಬಾಯಿಪಾಠ ಒಪ್ಪಿಸಿದ್ದೆ. ಆದರೆ ಮೂಗು ಎಡಕ್ಕೆ ತಿರುಗಿದಾಗ ನಾನು ಕಾದೆ. ಪೆಡಲ್ ತಾನೇ ಸರಿಯುತ್ತದೆ ಅಂತ ನನ್ನ ಕಾಲು ಕಾಯುತ್ತಿತ್ತು. ಅದು ಸರಿಯಲಿಲ್ಲ. ವಿಮಾನ ಹುಲ್ಲಿಗೆ ನುಗ್ಗಿತು, ಮುಂದಿನ ಚಕ್ರ ಮುರಿಯಿತು.

ನೀವು ಓಡಿ ಬಂದಿರಿ. ನನ್ನ ಮುಖ ಹಿಡಿದು, ಕೈಕಾಲು ಮುಟ್ಟಿ ನೋಡಿದಿರಿ. ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ, ಅಷ್ಟೂ ಜನರ ಎದುರು, ಟೀ ಲೋಟ ಕೈಯಲ್ಲಿ ಹಿಡಿದು ನೀವು ಅಂದಿರಿ: "ಇವಳಿಗೆ ಕೈ ಇದೆ, ಕಾಲಿಲ್ಲ. ಒಬ್ಬಳೇ ಹಾರೋದು ಇವಳಿಂದ ಆಗದ ಮಾತು." ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ? ಮತ್ತೆ ಆ ಮೈದಾನದ ಕಡೆ ತಲೆ ಹಾಕಲಿಲ್ಲ.

ಆ ಮಾತನ್ನು ನಾನು ದೇವರಾಣೆ ನಂಬಿಕೊಂಡು ಬದುಕಿದೆ. ಸೈಕಲ್ಲು ತುಳಿಯುವುದನ್ನೇ ನಿಲ್ಲಿಸಿದೆ, ಕಾರು ಕಲಿಯಲಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತೇನೆ. ಕಾಲಿಗೆ ಕೆಲಸವೇ ಇಲ್ಲದ ಕೆಲಸ ಹುಡುಕಿಕೊಂಡೆ. ವಿಮಾನ ಕಂಪನಿಯ ಕೌಂಟರಿನಲ್ಲಿ ಕೂತು, ಕಿಟಕಿ ಪಕ್ಕ ಬೇಕಾ, ಓಡಾಡುವ ದಾರಿ ಪಕ್ಕ ಬೇಕಾ ಅಂತ ಬೇರೆಯವರನ್ನು ಕೇಳುತ್ತಾ ತಲೆ ನರೆಯಿತು. ನನಗೆ ಯಾವುದು ಬೇಕಿತ್ತು ಅಂತ ಯಾರೂ ಕೇಳಲಿಲ್ಲ ಬಿಡಿ.

ಅಂಗಡಿಯಿಂದ ಬಂದವಳೇ ನಿಮಗೆ ಫೋನ್ ಮಾಡಿದೆನಲ್ಲ, ನೆನಪಿರಬೇಕು. "ಆಗೆಲ್ಲಾ ನಿಮ್ಮ ಕಾಲು ಎಲ್ಲಿರ್ತಿತ್ತು ಅಪ್ಪಾ?" ಅಂತ ಕೇಳಿದೆ. ಟಿವಿಯ ಸದ್ದು ಕಡಿಮೆ ಮಾಡಿದ್ದು ನನಗೆ ಕೇಳಿಸಿತು. ಆಮೇಲೆ ಹೇಳಿದಿರಿ: "ಬೇರೆಯವರ ಜೊತೆ ಆದ್ರೆ ಪೆಡಲ್ ಬಿಟ್ಟು ಕಾಲು ಕೆಳಗೇ. ನೀನು ನನ್ನ ಮಗಳಲ್ವೇನೇ."

ಎಷ್ಟು ಸಲೀಸಾಗಿ ಅಂದುಬಿಟ್ಟಿರಿ! ಪ್ರೀತಿಯ ಮಾತು ಅಂತಲೇ ನೀವು ತಿಳಿದಿರಬೇಕು. ನನ್ನ ಜೊತೆ ಕಲಿತ ಹುಡುಗರು ಹೇಳುತ್ತಿದ್ದರು, ಸರ್ ಕಾಲು ಮಡಚಿಕೊಂಡು ಕೂರುತ್ತಾರೆ, ನಾವು ಹುಲ್ಲಿಗೆ ಬಿದ್ದರೂ ಕೊನೇ ಗಳಿಗೆವರೆಗೂ ಮುಟ್ಟುವುದಿಲ್ಲ ಅಂತ. ನನಗೆ ಅವರ ಬಗ್ಗೆ ಅಯ್ಯೋ ಪಾಪ ಅನಿಸುತ್ತಿತ್ತು. ನಾನು ಹುಟ್ಟಾ ಜಾಣೆ, ಅದಕ್ಕೇ ನನ್ನ ವಿಮಾನ ನೆಟ್ಟಗೆ ಹೋಗುತ್ತದೆ ಅಂದುಕೊಂಡಿದ್ದೆ. ಅವರೆಲ್ಲ ನಿಮ್ಮ ಪಕ್ಕದಲ್ಲಿ ಕೂತೇ ತಪ್ಪಿದರು, ತಿದ್ದಿಕೊಂಡರು, ಇವತ್ತು ಹಾರುತ್ತಿದ್ದಾರೆ. ನನಗೆ ಮೊದಲ ತಪ್ಪು ಸಿಕ್ಕಿದ್ದು ನೀವು ಇಲ್ಲದಾಗ.

ನೀವು ಕಾಲಿಟ್ಟಿದ್ದಕ್ಕೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿಲ್ಲ. ಹೆದರಿದಿರಿ, ಇಟ್ಟಿರಿ, ಹೋಗಲಿ. ಆದರೆ ಆ ದಿನ ಕ್ಯಾಂಟೀನಿನಲ್ಲಿ ನಿಮಗೆ ಗೊತ್ತಿತ್ತು. ಇಡೀ ಮೈದಾನದಲ್ಲಿ ಗೊತ್ತಿದ್ದವರು ನೀವೊಬ್ಬರೇ. "ಇವಳು ಕಲಿಯೋಕೆ ನಾನು ಬಿಡಲಿಲ್ಲ" ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾನು ಮಾರನೇ ದಿನವೇ ಮತ್ತೆ ಹತ್ತಿ ಕೂರುತ್ತಿದ್ದೆ. ನೀವು ನಿಮ್ಮ ಹೆಸರು ಉಳಿಸಿಕೊಂಡಿರಿ, ನನ್ನ ಕಾಲು ಕಿತ್ತುಕೊಂಡಿರಿ.

ಅದಕ್ಕೇ ಆ ಕಬ್ಬಿಣದ ಒಂಟಿ ಸೆಟ್ಟು ತಂದೆ. ಈ ಭಾನುವಾರ ನೀವು ಕ್ಯಾಪ್ಟನ್ ಅಂತ ಕರೆಯುವ ನಿಮ್ಮ ಮೊಮ್ಮಗಳು ಮೊದಲ ಸಲ ಅದರ ಮೇಲೆ ಕಾಲಿಟ್ಟಳು. ಕೆಳಗೆ ಹಲಗೆ ಹಾಕಿ, ಗೋಡೆಗೆ ಆನಿಸಿ, ಬಿಗಿ ಮಾಡಿ ಕೊಟ್ಟಿದ್ದೆವು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ವೇಗ ಏರಿತು. ಮೂಗು ಎಡಕ್ಕೆ ಎಳೆಯಿತು. ಪರದೆಯಲ್ಲಿ ಹುಲ್ಲು ಹತ್ತಿರ ಬರುತ್ತಿತ್ತು.

ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು ಅಪ್ಪಾ. ಬೆರಳು ನೋಯುವಷ್ಟು. ಬರೀ ಆಟ, ಯಾರಿಗೂ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ ಒತ್ತುತ್ತಿದ್ದೆ. ಆ ಸ್ಟೂಲಿನ ಮುಂದೆ ಪೆಡಲ್ ಇದ್ದಿದ್ದರೆ, ಆಣೆ ಮಾಡಿ ಹೇಳುತ್ತೇನೆ, ತುಳಿದುಬಿಡುತ್ತಿದ್ದೆ. ಆಗ ನೀವು ನನಗೆ ಅರ್ಥವಾದಿರಿ. ಅರ್ಥವಾದ ಮೇಲೆ ಸಿಟ್ಟು ಇಳಿಯುತ್ತದೆ ಅಂತಾರೆ, ನನಗೆ ಇನ್ನೂ ಏರಿತು. ಯಾಕೆಂದರೆ ನಾನು ಎರಡೂ ಕಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡೆ. ಕೈಲಾಗದ ಕೆಲಸವೇನಲ್ಲ ಅದು.

ಅವಳು ಹುಲ್ಲಿಗೆ ಬಿದ್ದಳು. ಮತ್ತೊಂದು ಸಲ ಬಿದ್ದಳು. ಆಮೇಲೆ ಕುರ್ಚಿ ತಿರುಗಿಸಿ, ಕಣ್ಣು ತುಂಬಿಕೊಂಡು ನನ್ನ ಕೇಳಿದಳು: "ಅಮ್ಮಾ, ನನ್ನ ಕಾಲು ಸರಿ ಇಲ್ವಾ?"

"ಕಾಲು ಸರಿಯಾಗೇ ಇದೆ. ಇನ್ನೊಂದ್ಸಲ ಮಾಡು" ಅಂದೆ.

ಇಷ್ಟೇ. ಅವಳು ತಿರುಗಿ ಕೂತಳು. ಈ ಎರಡು ಮಾತಿಗೆ ನಾನು ಮುದುಕಿಯಾಗುವ ತನಕ ಕಾದಿದ್ದೆ, ಕೊನೆಗೆ ನಾನೇ ಹೇಳಬೇಕಾಯಿತು, ಅದೂ ಇನ್ನೊಬ್ಬಳಿಗೆ.

ಮೊಮ್ಮಗಳನ್ನು ನೋಡಬೇಡಿ ಅನ್ನುವಷ್ಟು ಕೆಟ್ಟವಳಲ್ಲ ನಾನು. ಬನ್ನಿ, ಊಟಕ್ಕೇ ಬನ್ನಿ, ನಡುಮನೆಯಲ್ಲಿ ಕೂತು ಮಾತಾಡಿ. ಅವಳು ಒಬ್ಬಳೇ ನೆಟ್ಟಗೆ ಏರುವ ತನಕ ಆ ಕೋಣೆಗೆ ಮಾತ್ರ ಬರಬೇಡಿ. ಆರೋಗ್ಯ ನೋಡಿಕೊಳ್ಳಿ, ಮಂಡಿ ನೋವಿನ ಮಾತ್ರೆ ತಪ್ಪಿಸಬೇಡಿ. ನೀವು ನೂರು ಕಾಲ ಬಾಳಿ, ಅವಳು ಹಾರುವುದನ್ನು ಕೆಳಗೆ ನಿಂತು ನೋಡುವಂತಾಗಲಿ.

ಇತಿ,
ನಿಮ್ಮ ಮಗಳಾದ ತಪ್ಪಿಗೇ ನೆಲದ ಮೇಲೆ ಉಳಿದವಳು