ಕೊಲೆಗಾರ ಮೀಸೆ ಮಾವ

ಅತ್ತಿಗೆ ಇವತ್ತೇ ಅದನ್ನು ನೋಡಿಬಿಟ್ಟರೆ? ಪ್ರಣವ ಶೂ ಹಾಕಿಕೊಂಡವನು ಮತ್ತೆ ಬಂದು ಚೀಟಿ ಬರೆದ.

"ಅತ್ತಿಗೆ, ಕೆಲಸಕ್ಕೆ ರೆಸ್ಟನ್‌ಗೆ ಹೊರಟೆ. ಕುಕ್ಕರ್‌ನಲ್ಲಿ ಅನ್ನ ಇದೆ, ನಿನ್ನೆ ಥರ ಬರೀ ಕಾಫಿ ಕುಡಿದು ಕೂರಬೇಡಿ. ಅಣ್ಣನ ಮಾತ್ರೆ ರೀಫಿಲ್‌ಗೆ ಅಂತ ಔಷಧಿ ಅಂಗಡಿಯಿಂದ ಫೋನ್ ಬಂದರೆ ಎತ್ತಬೇಡಿ, ನಾನು ಮಾತಾಡ್ತೀನಿ. ಆ ಪತ್ತೇದಾರಿ ಸೀರೀಸ್‌ನ ಕೊನೇ ಎಪಿಸೋಡ್ ಇವತ್ತು ನೋಡ್ತೀನಿ ಅಂದ್ರಲ್ಲ, ಬೇಡ. ನಾನು ಬರೋವರೆಗೂ ಕಾಯಿರಿ."

ಹೋದ ತಿಂಗಳು ತೀರಿಕೊಂಡ ಅಣ್ಣನಿಗೆ ಆ ಸೀರೀಸ್‌ನ ಪಾತ್ರಗಳ ಇಂಗ್ಲಿಷ್ ಹೆಸರು ನೆನಪಿರುತ್ತಿರಲಿಲ್ಲ. ಎಲ್ಲರಿಗೂ ಕನ್ನಡದ ಹೆಸರಿಟ್ಟಿದ್ದ. ಆಸ್ಪತ್ರೆಯಲ್ಲಿ ಏದುಸಿರು ಬಿಡುತ್ತಾ, "ಕೊಲೆಗಾರ ಮೀಸೆ ಮಾವನೇ ತಾನೇ? ನನ್ ಕೈಲಾಗಲ್ಲ, ಕೊನೇ ಎಪಿಸೋಡ್ ನೀನು ನೋಡಿ ಹೇಳೋ" ಎಂದಿದ್ದ. ಪ್ರಣವ ಹೊರಗೆ ಕೂತು ಫೋನಿನಲ್ಲಿ ನೋಡಿದ. ಕೊಲೆಗಾರ ಮೀಸೆ ಮಾವ ಅಲ್ಲ. ಆದರೂ ಒಳಗೆ ಬಂದು, "ಹೂಂ ಕಣಣ್ಣ, ಅವನೇ" ಎಂದ.

"ಹೇಳ್ಲಿಲ್ವೇನೇ ನಾನು!" ಅಣ್ಣ ಅತ್ತಿಗೆಯತ್ತ ತಿರುಗಿ ನಕ್ಕ. ಆಮೇಲೆ ಅವನು ನಗಲಿಲ್ಲ. ಮನೆಗೆ ಬಂದವರಿಗೆಲ್ಲ ಅತ್ತಿಗೆ ಈಗ ಅದೊಂದನ್ನೇ ಹೇಳುತ್ತಾರೆ: "ಕೊಲೆಗಾರನ್ನ ಪತ್ತೆ ಹಚ್ಚೇ ಹೋದ್ರು."

ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಪ್ರಣವ ಬಾಗಿಲೆಳೆದುಕೊಂಡ. ತಾನು ಸುಳ್ಳು ಹೇಳಿದೆನೆಂದು ಅವನು ಅತ್ತಿಗೆಗೆ ಹೇಳಲೇ ಇಲ್ಲ.